ಬಸ್ಸಿನ ಚಕ್ರಕ್ಕಿಂತ ಒಂದು ಗೇಣು ಮೇಲೆ

ಅಪರೂಪದ ಸ್ಪೋರ್ಟ್ಸ್ ಕಾರುಗಳ ಚಿತ್ರ ತೆಗೆಯಲು ಆರಂಭಿಸಿದ ಮೊದಲ ಎರಡು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಕಾರು ಕಂಡ ಕೂಡಲೇ ಉದ್ದನೆಯ ಲೆನ್ಸ್ ಎತ್ತಿ, ಚೌಕಟ್ಟಿನ ತುಂಬ ಕಾರೊಂದೇ ಕಾಣುವಂತೆ ಬಿಗಿಯಾಗಿ ಹಿಡಿದು, ಸುತ್ತಲಿನದನ್ನೆಲ್ಲ ಆದಷ್ಟೂ ಮಸುಕಾಗಿಸುತ್ತಿದ್ದೆ. ಹೀಗೆ ತೆಗೆದ ಸಾವಿರಾರು ಚಿತ್ರಗಳನ್ನು ಒಂದು ದಿನ ಸಾಲಾಗಿ ನೋಡಿದಾಗ ಅವೆಲ್ಲ ತಯಾರಕರು ಸ್ಟುಡಿಯೊದಲ್ಲಿ ತೆಗೆಸುವ ಜಾಹೀರಾತು ಚಿತ್ರಗಳ ದುರ್ಬಲ ನಕಲುಗಳಂತೆ ಕಂಡವು. ಆ ರಾಶಿಯಲ್ಲಿ, ಅಳಿಸಬೇಕೆಂದು ನಾನೇ ಗುರುತು ಹಾಕಿಟ್ಟಿದ್ದ ಒಂದು ಚಿತ್ರ ಮಾತ್ರ ಕಣ್ಣನ್ನು ಹಿಡಿದು ನಿಲ್ಲಿಸಿತು. ಹಸಿರು ಬಣ್ಣದ ಲ್ಯಾಂಬೋರ್ಗಿನಿ ಹುರಕಾನ್ ಸಿಗ್ನಲ್ಲಿನಲ್ಲಿ ನಿಂತಿದ್ದಾಗ, ನಾನು ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಅದರ ಆಚೆ ಬದಿಗೆ ನಗರ ಸಾರಿಗೆಯ ಬಸ್ಸೊಂದು ಬಂದು ನಿಂತುಬಿಟ್ಟಿತ್ತು. ಕಾರಿನ ಮೂತಿಗಿಂತ ತುಸು ಮುಂದಕ್ಕೆ ಚಾಚಿದ್ದ ಬಸ್ಸಿನ ಮುಂಚಕ್ರ ಚೌಕಟ್ಟಿನ ಅಂಚಿನಲ್ಲಿ ಪೂರ್ತಿಯಾಗಿ ಕಾಣುತ್ತಿತ್ತು. ಕಾರಿನ ಚಾವಣಿ ಆ ಚಕ್ರದ ಮೇಲಂಚಿಗಿಂತ ಒಂದು ಗೇಣಿನಷ್ಟು ಮಾತ್ರ ಮೇಲಿತ್ತು. ಆ ಕಾರು ಎಷ್ಟು ತಗ್ಗಾದದ್ದು ಎಂಬುದು ನನಗೆ ಆ ಕ್ಷಣದವರೆಗೆ ನಿಜವಾಗಿ ಗೊತ್ತಿರಲಿಲ್ಲ.

ಅಂಕಿಗಳಲ್ಲಿ ಗೊತ್ತಿತ್ತು, ನಿಜ. ಹುರಕಾನ್ ಕಾರಿನ ಎತ್ತರ ಸುಮಾರು 116 ಸೆಂಟಿಮೀಟರ್. 1974ರಿಂದ 1990ರವರೆಗೆ ತಯಾರಾದ, ಲ್ಯಾಂಬೋರ್ಗಿನಿಯದೇ ಆದ ಕೌಂಟಾಚ್ ಅದಕ್ಕಿಂತಲೂ ತಗ್ಗು, ಸುಮಾರು 107 ಸೆಂಟಿಮೀಟರ್. ರೇಸಿಗೆಂದು ಕಟ್ಟಿದ ಫೋರ್ಡ್ ಜಿಟಿ40ರ ಹೆಸರಿನಲ್ಲಿರುವ 40 ಎಂಬ ಅಂಕಿಯೇ ಅದರ ಎತ್ತರವನ್ನು ಅಂಗುಲಗಳಲ್ಲಿ ಹೇಳುತ್ತದೆ. ಮನೆಮಂದಿಯೆಲ್ಲ ಕೂರುವ ಸಾಧಾರಣ ಸಣ್ಣ ಕಾರಿನ ಎತ್ತರ 150 ಸೆಂಟಿಮೀಟರಿನ ಆಸುಪಾಸು. ನಗರದ ಬಸ್ಸಿನದು ಮೂರು ಮೀಟರ್. ಆ ಬಸ್ಸಿನ ಒಂದು ಚಕ್ರದ ಎತ್ತರವೇ ಹತ್ತಿರ ಹತ್ತಿರ ಒಂದು ಮೀಟರ್. ಖಾಲಿ ರಸ್ತೆಯಲ್ಲೋ ಬೆಟ್ಟದ ತಿರುವಿನಲ್ಲೋ ತೆಗೆದ ಚಿತ್ರದಲ್ಲಿ ಈ ಅಂತರ ಎಲ್ಲಿಯೂ ಕಾಣುವುದಿಲ್ಲ, ಏಕೆಂದರೆ ಅಲ್ಲಿ ಅಳೆದು ನೋಡಲು ಪಕ್ಕದಲ್ಲಿ ಏನೂ ಇರುವುದಿಲ್ಲ. ಇಂಥ ಕಾರುಗಳ ಚಿತ್ರಕ್ಕೆ ದಿನನಿತ್ಯದ ವಾಹನಗಳು ಅಡ್ಡಿಯಲ್ಲ, ಅವೇ ಅಳತೆಗೋಲು ಎಂಬುದನ್ನು ಆ ಒಂದು ಚಿತ್ರ ನನಗೆ ತಿಳಿಸಿಕೊಟ್ಟಿತು. ಅಲ್ಲಿಂದೀಚೆಗೆ ನಾನು ಬಸ್ಸನ್ನೂ ಸೈಕಲ್ಲನ್ನೂ ಕಸ ಸಾಗಿಸುವ ಲಾರಿಯನ್ನೂ ಕಾದು ಕುಳಿತು ಚಿತ್ರ ತೆಗೆಯುತ್ತಿದ್ದೇನೆ.

ಮೊದಲು ಬದಲಾದದ್ದು ನಾನು ನಿಲ್ಲುವ ರೀತಿ. ಕಾರು ಕಂಡಲ್ಲಿಗೆ ಓಡುವುದನ್ನು ಬಿಟ್ಟೆ. ಕಾರಿನ ಹಿಂದೆ ಓಡುವವನಿಗೆ ಕಾರಿನ ಹಿಂಭಾಗ ಮಾತ್ರ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಸಂಚಾರದ ನಡುವೆ ಕಣ್ಣನ್ನು ಒಂದೇ ವಾಹನಕ್ಕೆ ಅಂಟಿಸಿಕೊಂಡು ಓಡುವುದು ಪ್ರಾಣಕ್ಕೆ ಅಪಾಯ. ಅದರ ಬದಲು ಒಂದು ಜಾಗವನ್ನು ಆರಿಸಿಕೊಂಡು, ಕಾರು ಇಲ್ಲದಾಗಲೇ ಆ ಜಾಗದ ಚಿತ್ರವನ್ನು ಸಿದ್ಧಮಾಡಿಕೊಳ್ಳುತ್ತೇನೆ. ಬೆಳಕು ಯಾವ ಕಡೆಯಿಂದ ಬರುತ್ತದೆ, ಹಿನ್ನೆಲೆಯ ಗೋಡೆ ಕಪ್ಪಾಗಿದೆಯೋ ಬೆಳ್ಳಗಿದೆಯೋ, ಬಸ್ಸು ಎಲ್ಲಿ ನಿಲ್ಲುತ್ತದೆ, ಕೆಂಪು ದೀಪ ಎಷ್ಟು ಸೆಕೆಂಡ್ ಉರಿಯುತ್ತದೆ, ಜನ ಯಾವ ಕಡೆಯಿಂದ ರಸ್ತೆ ದಾಟುತ್ತಾರೆ ಎಂಬುದನ್ನೆಲ್ಲ ಒಂದೆರಡು ದಿನ ಬರಿಗಣ್ಣಿನಲ್ಲೇ ನೋಡುತ್ತೇನೆ. ನನಗೆ ಹೆಚ್ಚು ಚಿತ್ರಗಳನ್ನು ಕೊಟ್ಟಿರುವುದು ಒಂದೇ ಒಂದು ನಾಲ್ಕುರಸ್ತೆಯ ಮೂಲೆ. ಅಲ್ಲಿ ಬಸ್ ನಿಲ್ದಾಣ, ಪಾದಚಾರಿಗಳ ಪಟ್ಟೆ, ರಸ್ತೆ ಉಬ್ಬು ಮೂರೂ ಐವತ್ತು ಹೆಜ್ಜೆಯೊಳಗೆ ಇವೆ.

ರಸ್ತೆ ಉಬ್ಬಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೇರೆ ವಾಹನಗಳು ಗಮನಕ್ಕೇ ತಂದುಕೊಳ್ಳದ ಉಬ್ಬು ಈ ಕಾರುಗಳಿಗೆ ಗುಡ್ಡವಿದ್ದಂತೆ. ನೆಲಕ್ಕೂ ಮುಂದಿನ ಬಂಪರಿನ ಕೆಳಅಂಚಿಗೂ ನಡುವೆ ನಾಲ್ಕು ಬೆರಳು ಮಡಚಿಟ್ಟಷ್ಟೇ ಜಾಗ ಇರುವುದರಿಂದ ಚಾಲಕರು ಕಾರನ್ನು ಓರೆಯಾಗಿ ತಿರುಗಿಸಿ, ಒಂದೊಂದೇ ಚಕ್ರವನ್ನು ಏರಿಸಿ ಇಳಿಸುತ್ತಾರೆ. ಕೆಲವು ಕಾರುಗಳಲ್ಲಿ ಮೂತಿಯನ್ನು ನಾಲ್ಕೈದು ಸೆಂಟಿಮೀಟರ್ ಮೇಲೆತ್ತುವ ವ್ಯವಸ್ಥೆಯೇ ಇರುತ್ತದೆ. ಆ ಐದಾರು ಸೆಕೆಂಡುಗಳಲ್ಲಿ ಗಂಟೆಗೆ 300 ಕಿಲೋಮೀಟರ್ ದಾಟಬಲ್ಲ ಯಂತ್ರವೊಂದು ನಡೆಯುವವನಿಗಿಂತ ನಿಧಾನವಾಗಿ ಸಾಗುತ್ತಿರುತ್ತದೆ, ಅದರ ಪಕ್ಕದಲ್ಲಿ ಸೈಕಲ್ ಸವಾರರು ಹಿಂತಿರುಗಿಯೂ ನೋಡದೆ ಮುಂದೆ ಹೋಗುತ್ತಿರುತ್ತಾರೆ. ಕಾರು ತಾನಾಗಿಯೇ ಓರೆಯಾಗಿ ನಿಲ್ಲುವುದರಿಂದ ಮುಂಭಾಗವೂ ಒಂದು ಬದಿಯೂ ಒಟ್ಟಿಗೆ ಕಾಣುತ್ತವೆ. ಈ ಕಾರುಗಳು ಬೀದಿಯಲ್ಲಿ ಹೇಗೆ ಬದುಕುತ್ತವೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಸನ್ನಿವೇಶವನ್ನು ನಾನು ಕಂಡಿಲ್ಲ.

ತಿರುವುಗಳಲ್ಲಿ ನಿಲ್ಲುವಾಗ ನಾನು ಹೊರಬದಿಯನ್ನು ಆರಿಸಿಕೊಳ್ಳುತ್ತೇನೆ. ಕಾರು ನನ್ನಿಂದ ಆಚೆಗೆ ತಿರುಗುತ್ತಿದ್ದರೆ ಮುಂದಿನ ಚಕ್ರದ ಮುಖ, ಅದರ ಅರೆಗಳು, ಒಳಗೆ ಬ್ರೇಕ್ ತಟ್ಟೆಯನ್ನು ಒತ್ತಿಹಿಡಿಯುವ ಕ್ಯಾಲಿಪರ್ ನನ್ನ ಕಡೆಗೆ ತೆರೆದುಕೊಳ್ಳುತ್ತವೆ. ನನ್ನ ಕಡೆಗೇ ತಿರುಗುತ್ತಿದ್ದರೆ ಟೈರಿನ ಕಪ್ಪು ಪಟ್ಟಿ ಮಾತ್ರ ಕಾಣುತ್ತದೆ. ಆದರೆ ಹಿಡಿತ ತಪ್ಪಿದ ವಾಹನ ಜಾರಿ ಬರುವುದೂ ತಿರುವಿನ ಹೊರಬದಿಗೇ. ಆದ್ದರಿಂದ ಗಟ್ಟಿಯಾದ ಕಂಬವೋ ಕಲ್ಲಿನ ಕಟ್ಟೆಯೋ ನನಗೂ ರಸ್ತೆಗೂ ನಡುವೆ ಇಲ್ಲದಿದ್ದರೆ ಅಲ್ಲಿ ನಿಲ್ಲುವುದಿಲ್ಲ. ಒಮ್ಮೆ ಸಂಚಾರ ಪೊಲೀಸರೊಬ್ಬರು ಬಳಿಗೆ ಬಂದು, "ನೀವು ಚಿತ್ರ ತೆಗೆಯುವುದಕ್ಕೆ ನನ್ನ ಅಡ್ಡಿ ಇಲ್ಲ, ಆದರೆ ಆ ಕಂಬದಿಂದ ಈಚೆಗೆ ಬರಬೇಡಿ, ಇಲ್ಲಿ ಬೈಕುಗಳು ಪಾದಚಾರಿ ಮಾರ್ಗದ ಮೇಲೂ ಹತ್ತುತ್ತವೆ" ಎಂದರು. ಆ ಮೂಲೆಯನ್ನು ನನಗಿಂತ ಚೆನ್ನಾಗಿ ಬಲ್ಲವರ ಮಾತನ್ನು ಅಂದಿನಿಂದ ಪಾಲಿಸುತ್ತಿದ್ದೇನೆ.

ಕಾದು ನಿಲ್ಲುವವನಿಗೆ ಕಣ್ಣಿಗಿಂತ ಮೊದಲು ಕಿವಿ ಕೆಲಸಕ್ಕೆ ಬರುತ್ತದೆ. ಫೆರಾರಿಯ ವಿ8 ಎಂಜಿನ್ನಿನ ಏರುದನಿ, ಲ್ಯಾಂಬೋರ್ಗಿನಿಯ ವಿ12 ಎಂಜಿನ್ನಿನ ದಪ್ಪ ಗರ್ಜನೆ, ಪೋರ್ಷೆ 911ರ ಆರು ಸಿಲಿಂಡರುಗಳ ಒರಟು ಗೊಗ್ಗರು ಧ್ವನಿ ಇವನ್ನು ಬೇರೆ ಬೇರೆಯಾಗಿ ಗುರುತಿಸಲು ಕಲಿತ ಮೇಲೆ, ಕಾರು ಕಣ್ಣಿಗೆ ಬೀಳುವ ಹತ್ತಿಪ್ಪತ್ತು ಸೆಕೆಂಡ್ ಮೊದಲೇ ಕ್ಯಾಮೆರಾ ಸಿದ್ಧವಾಗಿರುತ್ತದೆ. ಪೋರ್ಷೆ ಟೈಕಾನಿನಂಥ ವಿದ್ಯುತ್ ಕಾರುಗಳು ಈ ಸುಳಿವನ್ನು ಕೊಡುವುದಿಲ್ಲ. ಅವುಗಳ ವಿಷಯದಲ್ಲಿ ನಾನು ಇತರರ ಮುಖ ನೋಡುತ್ತೇನೆ. ಬಸ್ಸಿಗೆ ಕಾಯುತ್ತಿರುವವರ ತಲೆಗಳು ಒಂದೇ ದಿಕ್ಕಿಗೆ ಹೊರಳಿದರೆ ಆ ಕಡೆಯಿಂದ ಏನೋ ಬರುತ್ತಿದೆ ಎಂದೇ ಅರ್ಥ.

ಲೆನ್ಸಿನ ಆಯ್ಕೆಯಲ್ಲಿ ನಾನು ಮಾಡಿಕೊಂಡ ಲೆಕ್ಕ ಬಹಳ ಸರಳ. ನಾನು ನಿಲ್ಲುವ ಜಾಗದಿಂದ ಕಾರು ಸಾಗುವ ಸಾಲಿಗೆ 12 ಮೀಟರ್ ದೂರವಿದೆ. 36 ಮಿಲಿಮೀಟರ್ ಅಗಲದ ಸಂವೇದಕವಿರುವ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 85 ಮಿಲಿಮೀಟರ್ ಲೆನ್ಸ್ ಹಾಕಿದರೆ ಅಷ್ಟು ದೂರದಲ್ಲಿ ಸುಮಾರು 5 ಮೀಟರ್ ಅಗಲದ ದೃಶ್ಯ ಹಿಡಿಯುತ್ತದೆ. ಸ್ಪೋರ್ಟ್ಸ್ ಕಾರಿನ ಉದ್ದವೇ ನಾಲ್ಕೂವರೆ ಮೀಟರಿನ ಆಸುಪಾಸು ಇರುವಾಗ ಅಲ್ಲಿ ಬೇರೆ ಯಾವುದಕ್ಕೂ ಜಾಗವಿಲ್ಲ. 50 ಮಿಲಿಮೀಟರ್ ಲೆನ್ಸಿನಲ್ಲಿ ಸುಮಾರು 8.6 ಮೀಟರ್, 35 ಮಿಲಿಮೀಟರಿನಲ್ಲಿ ಸುಮಾರು 12 ಮೀಟರ್ ಸಿಗುತ್ತದೆ. ನಗರದ ದೊಡ್ಡ ಬಸ್ಸಿನ ಉದ್ದವೂ 12 ಮೀಟರ್. ಇದನ್ನು ಕಾಗದದ ಮೇಲೆ ಬರೆದು ನೋಡಿದ ದಿನವೇ 70-200 ಜೂಮ್ ಲೆನ್ಸನ್ನು ಮನೆಯಲ್ಲಿ ಬಿಟ್ಟೆ. ಈಗ 50 ಮತ್ತು 35 ಎರಡರಲ್ಲಿಯೇ ಹೆಚ್ಚಿನ ಕೆಲಸ ಮುಗಿಯುತ್ತದೆ. 24 ಮಿಲಿಮೀಟರ್ ಹಾಕಿಕೊಂಡು ಕಾರಿನ ಮೂತಿಗೆ ಹತ್ತಿರ ಹೋಗಿ ತೆಗೆಯುವವರೂ ಇದ್ದಾರೆ, ಆದರೆ ಅಷ್ಟು ಸಮೀಪದಿಂದ ತೆಗೆದಾಗ ಮುಂಭಾಗ ಉಬ್ಬಿ ಹಿಂಭಾಗ ಕುಗ್ಗಿ, ವಿನ್ಯಾಸಕಾರನು ಎಳೆದ ಗೆರೆಗಳು ಹಾಳಾಗುತ್ತವೆ. ಇಟಲಿಯ ಕಾರು ವಿನ್ಯಾಸ ಸಂಸ್ಥೆ ಬೆರ್ಟೋನೆಯಲ್ಲಿದ್ದಾಗ ಮಾರ್ಚೆಲ್ಲೊ ಗಾಂದೀನಿ ರೂಪಿಸಿದ, 1966ರಲ್ಲಿ ಬಂದ ಲ್ಯಾಂಬೋರ್ಗಿನಿ ಮಿಯುರಾ ಕಾರಿನ ಸೊಬಗೆಲ್ಲ ಮುಂದಿನ ಮಡ್‌ಗಾರ್ಡಿನಿಂದ ಬಾಗಿಲಿನ ಮೇಲೆ ಹಾದು ಹಿಂಚಕ್ರದವರೆಗೆ ಹರಿಯುವ ಒಂದು ಗೆರೆಯಲ್ಲಿದೆ. ಆ ಗೆರೆಯನ್ನು ಲೆನ್ಸಿನಿಂದ ವಕ್ರಮಾಡುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಕ್ಯಾಮೆರಾದ ಎತ್ತರವೂ ಅಷ್ಟೇ ಮುಖ್ಯ. ನಿಂತ ಮನುಷ್ಯನ ಕಣ್ಣಿನ ಮಟ್ಟದಿಂದ ತೆಗೆದರೆ ಈ ಕಾರುಗಳ ಚಾವಣಿ, ಎಂಜಿನ್ ಮುಚ್ಚಳವೇ ಹೆಚ್ಚು ಕಂಡು, ಕಾರು ನೆಲಕ್ಕೆ ಒತ್ತಿಟ್ಟಂತೆ ತೋರುತ್ತದೆ. ಅದಕ್ಕೆ ವಿರುದ್ಧವಾಗಿ ನೆಲಕ್ಕೆ ತಾಗಿಸಿ ತೆಗೆದರೆ ಕಾರು ದೈತ್ಯನಂತೆ ಎದ್ದುನಿಂತು ಹಿಂದಿನ ವಾಹನಗಳನ್ನೆಲ್ಲ ಮರೆಮಾಡುತ್ತದೆ. ಎರಡನೆಯದು ಬಹಳ ಜನಪ್ರಿಯವಾದ ಕೋನ, ಆದರೆ ನನ್ನ ಉದ್ದೇಶಕ್ಕೆ ಅದು ಸುಳ್ಳು ಹೇಳುತ್ತದೆ. ತಗ್ಗಿರುವುದೇ ಅದರ ಗುಣವಾಗಿರುವಾಗ ಅದನ್ನು ಎತ್ತರವಾಗಿ ತೋರಿಸಿ ಪ್ರಯೋಜನವೇನು? ನಾನು ಕ್ಯಾಮೆರಾವನ್ನು ಸೊಂಟದ ಮಟ್ಟಕ್ಕಿಂತ ತುಸು ಕೆಳಗೆ, ನೆಲದಿಂದ 80 ಸೆಂಟಿಮೀಟರ್ ಎತ್ತರದಲ್ಲಿ ಹಿಡಿದು, ಹಿಂದಿನ ಪರದೆಯನ್ನು ಮೇಲಕ್ಕೆ ತೆರೆದು ನೋಡುತ್ತೇನೆ. ಅಲ್ಲಿಂದ ಕಾರಿನ ಕಿಟಕಿಯ ಗೆರೆ ನೇರವಾಗಿ ಸಿಗುತ್ತದೆ, ಹಿಂದಿರುವ ಬಸ್ಸಿನ ಕಿಟಕಿಗಳೂ ಅವುಗಳಲ್ಲಿನ ಮುಖಗಳೂ ಕಾರಿನ ಚಾವಣಿಯ ಮೇಲೆ ಸಾಲಾಗಿ ಕಾಣುತ್ತವೆ.

ಫೋಕಸ್ ವಿಷಯದಲ್ಲಿ ನಾನು ಹಳೆಯ ಪದ್ಧತಿಗೆ ಮರಳಿದೆ. ಹೊಸ ಕ್ಯಾಮೆರಾಗಳು ವಾಹನಗಳನ್ನು ತಾವಾಗಿಯೇ ಗುರುತಿಸಿ ಹಿಂಬಾಲಿಸುತ್ತವೆ, ರೇಸ್ ಪಥದಲ್ಲಿ ಅದು ವರವೇ ಸರಿ. ಬೀದಿಯಲ್ಲಾದರೋ ಚೌಕಟ್ಟಿನೊಳಗೆ ಒಂದೇ ಸಲಕ್ಕೆ ಎಂಟು ಹತ್ತು ವಾಹನಗಳಿರುತ್ತವೆ, ನನಗೆ ಬೇಕಾದದ್ದು ಯಾವುದೆಂದು ಕ್ಯಾಮೆರಾಕ್ಕೆ ತಿಳಿಯುವುದಿಲ್ಲ. ಬಿಳಿಯ ಮೆಕ್ಲಾರೆನ್ 720ಎಸ್ ಒಂದು ನನ್ನ ಮೂಲೆಗೆ ಬಂದ ಏಕೈಕ ದಿನ, ಹದಿನಾಲ್ಕು ಚಿತ್ರಗಳಲ್ಲಿ ಹನ್ನೊಂದು ಅದರ ಮುಂದೆ ಹಾದುಹೋದ ಸ್ಕೂಟರಿನ ಮೇಲೆ ಸ್ಪಷ್ಟವಾಗಿದ್ದವು. ಅಂದಿನಿಂದ ರಸ್ತೆಯ ಮೇಲಿನ ಒಂದು ಗುರುತಿಗೆ, ಹೆಚ್ಚಾಗಿ ಮ್ಯಾನ್‌ಹೋಲಿನ ಮುಚ್ಚಳಕ್ಕೆ, ಮೊದಲೇ ಕೈಯಿಂದ ಫೋಕಸ್ ಮಾಡಿಟ್ಟುಕೊಳ್ಳುತ್ತೇನೆ. 50 ಮಿಲಿಮೀಟರ್ ಲೆನ್ಸಿನ ಬೆಳಕಿನ ಕಿಂಡಿಯನ್ನು ಕಿರಿದಾಗಿಸಿ ಎಫ್/8ಕ್ಕೆ ಇಟ್ಟು 12 ಮೀಟರಿಗೆ ಫೋಕಸ್ ಮಾಡಿದರೆ ಸುಮಾರು ಐದೂವರೆ ಮೀಟರಿನಿಂದ ಅನಂತದವರೆಗೆ ಎಲ್ಲವೂ ಒಪ್ಪುವಷ್ಟು ಸ್ಪಷ್ಟವಾಗಿರುತ್ತದೆ. ಕಾರೂ ಬಸ್ಸೂ ಅಂಗಡಿಯ ಫಲಕವೂ ಓದಲು ಬರುವಂತಿರಬೇಕು ಎಂಬುದು ನನ್ನ ಬಯಕೆಯಾದ್ದರಿಂದ, ಕಿಂಡಿಯನ್ನು ಅಗಲವಾಗಿ ತೆರೆದು ಹಿನ್ನೆಲೆಯನ್ನು ಕರಗಿಸುವ ಎಫ್/1.4ರ ಆಸೆಯನ್ನು ಬಿಟ್ಟುಬಿಟ್ಟಿದ್ದೇನೆ.

ಇನ್ನು ಶಟರ್ ವೇಗ, ಅಂದರೆ ಕ್ಯಾಮೆರಾ ಎಷ್ಟು ಹೊತ್ತು ಬೆಳಕನ್ನು ಒಳಗೆ ಬಿಡುತ್ತದೆ ಎಂಬುದು. ನಾನು ಅತಿ ಹೆಚ್ಚು ತಪ್ಪು ಮಾಡಿದ್ದೂ ಅತಿ ಹೆಚ್ಚು ಕಲಿತದ್ದೂ ಇಲ್ಲಿಯೇ. ಚಲಿಸುವ ಕಾರನ್ನು 1/1000 ಸೆಕೆಂಡಿನಲ್ಲಿ ತೆಗೆದರೆ ಅದು ರಸ್ತೆಯ ಮಧ್ಯೆ ನಿಲ್ಲಿಸಿಟ್ಟ ಕಾರಿನಂತೆ ಕಾಣುತ್ತದೆ. ಕಾರಣ ಚಕ್ರದಲ್ಲಿದೆ. ಸ್ಪೋರ್ಟ್ಸ್ ಕಾರಿನ ಟೈರಿನ ವ್ಯಾಸ ಸುಮಾರು 70 ಸೆಂಟಿಮೀಟರ್, ಅಂದರೆ ಸುತ್ತಳತೆ ಸುಮಾರು 2.2 ಮೀಟರ್. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 10 ಮೀಟರ್ ಸಾಗುತ್ತದೆ, ಚಕ್ರ ಆ ಹೊತ್ತಿನಲ್ಲಿ ನಾಲ್ಕೂವರೆ ಸುತ್ತು ತಿರುಗುತ್ತದೆ. 1/1000 ಸೆಕೆಂಡಿನಲ್ಲಿ ಅದು ಎರಡು ಡಿಗ್ರಿಯೂ ತಿರುಗುವುದಿಲ್ಲ, ಅರೆಗಳೆಲ್ಲ ಗಟ್ಟಿಯಾಗಿ ನಿಂತುಬಿಡುತ್ತವೆ. 1/125ರಲ್ಲಿ 13 ಡಿಗ್ರಿ. ಅರೆಗಳ ಅಂಚು ಮಾತ್ರ ಮೃದುವಾಗುತ್ತದೆ. 1/60ರಲ್ಲಿ 27 ಡಿಗ್ರಿ. ಹತ್ತು ಅರೆಗಳ ಚಕ್ರದಲ್ಲಿ ಒಂದು ಅರೆಯಿಂದ ಇನ್ನೊಂದಕ್ಕೆ 36 ಡಿಗ್ರಿ ಅಂತರವಿರುವುದರಿಂದ ಅವು ಬಹುಪಾಲು ಒಂದರೊಳಗೊಂದು ಬೆರೆತು ಹೊಳೆಯುವ ತಟ್ಟೆಯಂತಾಗುತ್ತವೆ. ನಗರದ ವೇಗಕ್ಕೆ 1/60 ಅಥವಾ 1/40 ನನಗೆ ಒಗ್ಗಿದೆ. ಆದರೆ ಅದೇ 1/60 ಸೆಕೆಂಡಿನಲ್ಲಿ ಕಾರು 16 ಸೆಂಟಿಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ, ಆದ್ದರಿಂದ ಕ್ಯಾಮೆರಾವನ್ನು ಕಾರಿನ ಜೊತೆಗೇ ಅದೇ ಗತಿಯಲ್ಲಿ ತಿರುಗಿಸಬೇಕು. ಇದನ್ನೇ ಪ್ಯಾನಿಂಗ್ ಎನ್ನುತ್ತಾರೆ. ಪಾದಗಳನ್ನು ಗುಂಡಿ ಒತ್ತುವ ಜಾಗದ ಕಡೆಗೆ ಊರಿ, ಸೊಂಟದಿಂದ ಮೇಲೆ ಮಾತ್ರ ತಿರುಗಿ, ಕಾರು ಹತ್ತಿರ ಬರುವ ಮೊದಲೇ ಹಿಂಬಾಲಿಸಲು ತೊಡಗಿ, ಗುಂಡಿ ಒತ್ತಿದ ಮೇಲೂ ತಿರುಗುತ್ತಲೇ ಇರಬೇಕು. ಒತ್ತಿದ ಕೂಡಲೇ ಕೈ ನಿಲ್ಲಿಸುವ ಚಾಳಿ ನನ್ನನ್ನು ಬಿಟ್ಟುಹೋಗಲು ಆರು ತಿಂಗಳು ಬೇಕಾಯಿತು. ಅಭ್ಯಾಸಕ್ಕೆ ನಾನು ಬಳಸಿದ್ದು ಬಸ್ಸುಗಳನ್ನೂ ಟ್ಯಾಕ್ಸಿಗಳನ್ನೂ. ಅವು ಇಡೀ ದಿನ ಒಂದರ ಹಿಂದೊಂದು ಬರುತ್ತವೆ, ಅಪರೂಪದ ಕಾರು ಬರುವ ಹೊತ್ತಿಗೆ ಕೈ ಪಳಗಿರುತ್ತದೆ.

ಸಂಚಾರದ ನಡುವೆ ಪ್ಯಾನಿಂಗ್ ಮಾಡುವಾಗ ರೇಸ್ ಪಥದಲ್ಲಿ ಇಲ್ಲದ ಒಂದು ಸೊಗಸು ಒದಗಿಬರುತ್ತದೆ. ಕಾರಿನ ಪಕ್ಕದಲ್ಲಿ ಅದೇ ವೇಗದಲ್ಲಿ ಸಾಗುವ ಸ್ಕೂಟರ್ ಕೂಡ ಸ್ಪಷ್ಟವಾಗಿ ಉಳಿಯುತ್ತದೆ, ನಿಂತ ಬಸ್ಸು ಅಡ್ಡಗೆರೆಗಳಾಗಿ ಕರಗುತ್ತದೆ, ಎದುರಿನಿಂದ ಬರುವ ವಾಹನಗಳು ಗುರುತೇ ಸಿಗದಷ್ಟು ಅಳಿಸಿಹೋಗುತ್ತವೆ. ಅಂದರೆ ಒಂದೇ ಚಿತ್ರದೊಳಗೆ ಪ್ರತಿಯೊಂದು ವಾಹನವೂ ತನ್ನ ವೇಗವನ್ನು ತಾನೇ ಬರೆದುಕೊಳ್ಳುತ್ತದೆ. ನನಗೆ ಇದಕ್ಕಿಂತಲೂ ಪ್ರಿಯವಾದದ್ದು ಇದರ ತಿರುವುಮುರುವು. ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡು ನಿಂತ ಕಾರನ್ನು, ಕ್ಯಾಮೆರಾವನ್ನು ಕಟ್ಟೆಯ ಮೇಲೆ ಅಲುಗದಂತೆ ಊರಿ, 1/8 ಸೆಕೆಂಡಿನಲ್ಲಿ ತೆಗೆಯುತ್ತೇನೆ. ಆಗ ಕಾರು ಕೆತ್ತಿಟ್ಟಂತೆ ನಿಂತಿರುತ್ತದೆ. ಅದರ ಎರಡೂ ಬದಿಯ ಕಿರುದಾರಿಯಲ್ಲಿ ನುಸುಳುವ ಸೈಕಲ್ಲುಗಳು, ಮುಂದಿನ ಪಟ್ಟೆಯ ಮೇಲೆ ದಾಟುವ ಜನ ಹೊಳೆಯ ನೀರಿನಂತೆ ಹರಿಯುತ್ತಾರೆ. ಇಡೀ ಬೀದಿಯಲ್ಲಿ ಅತಿ ವೇಗದ ವಾಹನವೊಂದೇ ನಿಂತಿರುವ ಆ ಚಿತ್ರಗಳಿಗಾಗಿ ನಾನು ಎಷ್ಟು ಗಂಟೆ ಬೇಕಾದರೂ ಕಾಯಬಲ್ಲೆ. ಬಿಸಿಲಿನಲ್ಲಿ ಇಷ್ಟು ನಿಧಾನದ ಶಟರಿಗೆ ಬೆಳಕು ಅತಿಯಾಗುತ್ತದೆ ಎಂಬುದಕ್ಕೆ ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಒಂದನ್ನು ಸದಾ ಜೇಬಿನಲ್ಲಿಟ್ಟುಕೊಂಡಿರುತ್ತೇನೆ.

ಶಬ್ದವಾಗದಿರಲಿ ಎಂದು ಎಲೆಕ್ಟ್ರಾನಿಕ್ ಶಟರ್ ಬಳಸುವವರಿಗೆ ಒಂದು ಎಚ್ಚರಿಕೆ ಹೇಳಬೇಕು. ಅನೇಕ ಕ್ಯಾಮೆರಾಗಳಲ್ಲಿ ಆ ಶಟರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುವುದರಿಂದ, ಓದಿ ಮುಗಿಸುವ ಹೊತ್ತಿಗೆ ಕಾರು ಸರಿದಿರುತ್ತದೆ. ದುಂಡಗಿನ ಚಕ್ರ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಪ್ಯಾನಿಂಗ್ ಮಾಡಿದರೆ ಹಿಂದಿನ ಕಂಬಗಳು ವಾಲುತ್ತವೆ. ಇದು ಹೊಸ ಕಾಯಿಲೆಯೇನೂ ಅಲ್ಲ. ಫ್ರಾನ್ಸಿನ ಛಾಯಾಗ್ರಾಹಕ ಜಾಕ್ ಆನ್ರಿ ಲಾರ್ತೀಗ್ 1910ರ ದಶಕದ ಆರಂಭದಲ್ಲಿ, ಇಪ್ಪತ್ತು ತುಂಬುವ ಮೊದಲೇ ತೆಗೆದ ರೇಸ್ ಕಾರಿನ ಚಿತ್ರದಲ್ಲಿ ಚಕ್ರ ಮುಂದಕ್ಕೆ ವಾಲಿದ ಅಂಡಾಕಾರದಲ್ಲಿದೆ, ರಸ್ತೆ ಬದಿಯ ಪ್ರೇಕ್ಷಕರು ಹಿಂದಕ್ಕೆ ವಾಲಿದ್ದಾರೆ. ಆ ಕ್ಯಾಮೆರಾದ ಶಟರಿನ ಸೀಳು ಚಿತ್ರ ಮೂಡುವ ಫಲಕದ ಮೇಲೆ ಹಾದುಹೋಗುವಷ್ಟರಲ್ಲಿ ಕಾರು ಅವನ ಕೈಗಿಂತ ವೇಗವಾಗಿ ಸಾಗಿತ್ತು. ಅವನ ಚಿತ್ರದಲ್ಲಿ ಆ ವಾಲುವಿಕೆಯೇ ವೇಗದ ಭಾಷೆಯಾಯಿತು. ನಿಧಾನವಾಗಿ ತೆವಳುವ ಸಂಚಾರದಲ್ಲಿ ಮಾತ್ರ ಅದು ದೋಷವಾಗಿಯೇ ಕಾಣುತ್ತದೆ, ಆದ್ದರಿಂದ ನಾನು ಯಾಂತ್ರಿಕ ಶಟರನ್ನೇ ಬಳಸುತ್ತೇನೆ.

ಬೆಳಕಿನ ಬಗ್ಗೆ ಹೇಳುವುದಾದರೆ, ಕಾರಿನ ಮೈ ಒಂದು ಬಾಗಿದ ಕನ್ನಡಿ ಎಂದು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ನಾವು ನೋಡುವ ಹೊಳಪಿನಲ್ಲಿ ಆಕಾಶವಿದೆ, ಎದುರಿನ ಕಟ್ಟಡವಿದೆ, ಎಷ್ಟೋ ಸಲ ನಾವೇ ಇರುತ್ತೇವೆ. ನಡುಮಧ್ಯಾಹ್ನದ ಬಿಸಿಲು ಚಾವಣಿಯ ಮೇಲೆ ಬಿಳಿಯ ಕಲೆಯಾಗಿ ಬಿದ್ದು ಆಕಾರವನ್ನು ತಿಂದುಹಾಕುತ್ತದೆ. ಮೋಡ ಕವಿದ ದಿನ ಇಡೀ ಆಕಾಶವೇ ಒಂದು ದೊಡ್ಡ ದೀಪವಾಗಿ, ಬಾನೆಟ್ಟಿನ ಪ್ರತಿಯೊಂದು ಮಡಿಕೆಯನ್ನೂ ನವಿರಾಗಿ ತೋರಿಸುತ್ತದೆ. ಪೋಲರೈಸರ್ ಫಿಲ್ಟರ್ ಬಣ್ಣದ ಮೇಲಿನ ಮತ್ತು ಗಾಜಿನ ಮೇಲಿನ ಪ್ರತಿಫಲನವನ್ನು ತಗ್ಗಿಸುತ್ತದೆ, ಆದರೆ ಅದನ್ನು ಕೊನೆಯವರೆಗೆ ತಿರುಗಿಸಿದರೆ ಹೊಳಪೆಲ್ಲ ಹೋಗಿ ಕಾರು ಪ್ಲಾಸ್ಟಿಕ್ಕಿನ ಗೊಂಬೆಯಂತಾಗುತ್ತದೆ. ಅರ್ಧಕ್ಕೆ ನಿಲ್ಲಿಸುವುದು ಒಳ್ಳೆಯದು. ಅದರ ಇನ್ನೊಂದು ವಿಚಿತ್ರವೆಂದರೆ, ಬಿಸಿಮಾಡಿ ಗಟ್ಟಿಗೊಳಿಸಿದ ಪಕ್ಕದ ಮತ್ತು ಹಿಂದಿನ ಗಾಜುಗಳಲ್ಲಿ ಚುಕ್ಕಿಚುಕ್ಕಿಯ ವಿನ್ಯಾಸ ಎದ್ದುಬರುತ್ತದೆ, ಎರಡು ಪದರ ಅಂಟಿಸಿ ಮಾಡಿದ ಮುಂದಿನ ಗಾಜಿನಲ್ಲಿ ಹಾಗಾಗುವುದಿಲ್ಲ. ಕೆಂಪು ಮತ್ತು ಹಳದಿ ಕಾರುಗಳಲ್ಲಿ ಕೆಂಪು ವರ್ಣದ ಮಾಹಿತಿ ಉಳಿದವುಗಳಿಗಿಂತ ಮೊದಲೇ ತುಂಬಿ ಚೆಲ್ಲುವುದರಿಂದ, ಕೆಂಪು, ಹಸಿರು, ನೀಲಿ ಮೂರೂ ಬಣ್ಣಗಳ ಹಿಸ್ಟೋಗ್ರಾಮನ್ನು, ಅಂದರೆ ಬೆಳಕಿನ ಹಂಚಿಕೆಯ ನಕ್ಷೆಯನ್ನು, ಬೇರೆ ಬೇರೆಯಾಗಿ ನೋಡಿ ಬೆಳಕನ್ನು ಅರ್ಧದಿಂದ ಮುಕ್ಕಾಲು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಇಳಿಸುತ್ತೇನೆ. ಇಲ್ಲದಿದ್ದರೆ ಫೆರಾರಿಯ ಬಾಗಿಲು ಮಡಿಕೆಗಳೇ ಇಲ್ಲದ ಕೆಂಪು ಬಟ್ಟೆಯಂತೆ ಕಾಣುತ್ತದೆ. ಎಲ್‌ಇಡಿ ದೀಪಗಳ ವಿಷಯವನ್ನು ನಾನು ಬಹಳ ತಡವಾಗಿ ತಿಳಿದೆ. ಅವು ಎಷ್ಟೋ ಕಾರುಗಳಲ್ಲಿ ಸೆಕೆಂಡಿಗೆ ನೂರಾರು ಬಾರಿ ಹತ್ತಿ ಆರುತ್ತಿರುತ್ತವೆ, ಕಣ್ಣಿಗೆ ಕಾಣುವುದಿಲ್ಲ. ವೇಗದ ಶಟರಿನಲ್ಲಿ ತೆಗೆದ ಒಂದು ಸರಣಿಯ ಅರ್ಧದಷ್ಟು ಚಿತ್ರಗಳಲ್ಲಿ ಕಾರಿನ ಒಂದು ದೀಪ ಉರಿದು ಇನ್ನೊಂದು ಆರಿದಂತಿತ್ತು. 1/60ಕ್ಕೆ ಇಳಿದ ಮೇಲೆ ಆ ತೊಂದರೆ ತಾನಾಗಿಯೇ ಹೋಯಿತು.

ಒಂದು ಸಂಜೆಯ ಚಿತ್ರವನ್ನು ಹೇಗೆ ತೆಗೆದೆ ಎಂಬುದನ್ನು ವಿವರವಾಗಿ ಬರೆಯುತ್ತೇನೆ. ಮಳೆ ಆಗಷ್ಟೇ ನಿಂತಿತ್ತು. ಸೂರ್ಯ ಮುಳುಗಿ ಇಪ್ಪತ್ತು ನಿಮಿಷವಾಗಿ, ಆಕಾಶದ ನೀಲಿಯೂ ಅಂಗಡಿಗಳ ಹಳದಿ ಬೆಳಕೂ ಒಂದಕ್ಕೊಂದು ಸಮನಾಗಿದ್ದ ಹೊತ್ತು. ಬಸ್ ನಿಲ್ದಾಣದಲ್ಲಿ ಹದಿನೈದು ಇಪ್ಪತ್ತು ಜನ ಕೊಡೆ ಮಡಚುತ್ತ ನಿಂತಿದ್ದರು. ದಪ್ಪ ಗರ್ಜನೆಯೊಂದು ತಿರುವಿನಾಚೆಯಿಂದ ಕೇಳಿಸಿತು, ಎರಡು ನಿಮಿಷದ ಮೇಲೆ ಕಿತ್ತಳೆ ಬಣ್ಣದ ಲ್ಯಾಂಬೋರ್ಗಿನಿ ಅವೆಂಟಡಾರ್ ಸಾಲಿನಲ್ಲಿ ತೆವಳುತ್ತ ಬಂದು ಕೆಂಪು ದೀಪಕ್ಕೆ ನಿಂತಿತು. ಅದರ ಹಿಂದೆ ಶಾಲಾ ವ್ಯಾನು, ಮುಂದೆ ಪೈಪುಗಳನ್ನು ಹೇರಿಕೊಂಡ ಸಣ್ಣ ಲಾರಿ. ಕನ್ನಡಿಗಳನ್ನು ಬಿಟ್ಟರೂ ಎರಡು ಮೀಟರಿಗಿಂತ ಹೆಚ್ಚು ಅಗಲವಿರುವ ಆ ಕಾರಿನ ಎರಡೂ ಬದಿಗೆ ಸೈಕಲ್ ನುಸುಳಲು ಮಾತ್ರ ಜಾಗವಿತ್ತು. ನಾನು ಆತುರಪಡಲಿಲ್ಲ, ಆ ಸಿಗ್ನಲ್ಲಿನ ಕೆಂಪು 70 ಸೆಕೆಂಡ್ ಎಂಬುದು ನನಗೆ ಬಾಯಿಪಾಠವಾಗಿತ್ತು. ಕ್ಯಾಮೆರಾವನ್ನು ಕಟ್ಟೆಯ ಮೇಲೆ ಊರಿ, 35 ಮಿಲಿಮೀಟರ್, ಎಫ್/5.6, 1/8 ಸೆಕೆಂಡಿಗೆ ಇಟ್ಟೆ. ಆಗ ಆಚೆ ಸಾಲಿಗೆ ಬಸ್ಸು ಬಂದು ನಿಂತಿತು. ಕಿಟಕಿಯ ಬಳಿ ಕುಳಿತಿದ್ದ ವಯಸ್ಸಾದ ಹೆಂಗಸೊಬ್ಬರು ಹಬೆ ಹಿಡಿದ ಗಾಜನ್ನು ಸೆರಗಿನಿಂದ ಒರೆಸಿ ಕೆಳಗೆ ನೋಡಿದರು. ಅವರು ನೋಡಿದ್ದು ಕಾರಿನ ಚಾವಣಿಯನ್ನು, ಅದರ ಹಿಂಭಾಗದ ಎಂಜಿನ್ ಮುಚ್ಚಳದ ಪಟ್ಟಿಗಳ ಮೇಲೆ ನಿಂತಿದ್ದ ಮಳೆಹನಿಗಳು ಎಂಜಿನ್ನಿನ ಕಾವಿಗೆ ಹಬೆಯಾಗಿ ಏಳುವುದನ್ನು. ಮೂರು ಚಿತ್ರ ತೆಗೆದೆ. ಮೊದಲನೆಯದರಲ್ಲಿ ಕೊಡೆ ಹಿಡಿದವರೊಬ್ಬರು ಕಾರಿನ ಮೂತಿಯನ್ನು ಮುಚ್ಚಿದ್ದರು, ಎರಡನೆಯದರಲ್ಲಿ ಆ ಹೆಂಗಸಿನ ಮುಖ ಅಲುಗಿತ್ತು. ಮೂರನೆಯದರಲ್ಲಿ ಅವರು ಕದಲದೆ ನೋಡುತ್ತಿದ್ದಾರೆ, ಒದ್ದೆ ರಸ್ತೆಯಲ್ಲಿ ಕಾರಿನ ಕಿತ್ತಳೆಯೂ ಬಸ್ಸಿನ ಹಿಂದೀಪದ ಕೆಂಪೂ ಒಟ್ಟಿಗೆ ಹರಡಿವೆ, ಕಾರಿನ ಮುಂದೆ ಸೈಕಲ್ಲೊಂದು ಅರೆಪಾರದರ್ಶಕ ನೆರಳಾಗಿ ಹಾದುಹೋಗುತ್ತಿದೆ.

ಕಾರಿನೊಳಗಿರುವವರ ವಿಷಯದಲ್ಲಿ ನಾನು ಕೆಲವು ನೇಮಗಳನ್ನು ಇಟ್ಟುಕೊಂಡಿದ್ದೇನೆ. ನಂಬರ್ ಪ್ಲೇಟನ್ನು ಪ್ರಕಟಿಸುವ ಮೊದಲು ಮಸುಕುಮಾಡುತ್ತೇನೆ, ಕಾರು ದಿನವೂ ಎಷ್ಟು ಹೊತ್ತಿಗೆ ಎಲ್ಲಿ ಹಾದುಹೋಗುತ್ತದೆ ಎಂಬುದನ್ನು ಯಾರಿಗೂ ಹೇಳುವುದಿಲ್ಲ. ಬೀದಿಯಲ್ಲಿ ಜನರ ಚಿತ್ರ ತೆಗೆಯುವ ಬಗ್ಗೆ ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಜರ್ಮನಿಯಲ್ಲಿ 1907ರಷ್ಟು ಹಳೆಯ ಕಾನೂನೇ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ವ್ಯಕ್ತಿಯ ಚಿತ್ರವನ್ನು ಪ್ರಕಟಿಸಲು ಆ ವ್ಯಕ್ತಿಯ ಒಪ್ಪಿಗೆ ಬೇಕೆನ್ನುತ್ತದೆ. ನಿಂತ ಊರಿನ ನಿಯಮವನ್ನು ಮೊದಲು ತಿಳಿದುಕೊಳ್ಳುವುದು ಛಾಯಾಗ್ರಾಹಕನ ಹೊಣೆ. ಒಮ್ಮೆ ಚಾಲಕರೊಬ್ಬರು ಗಾಜು ಇಳಿಸಿ, "ಹಿಂದಿನ ಸೀಟಿನಲ್ಲಿ ನನ್ನ ಮಗಳಿದ್ದಾಳೆ, ಅವಳ ಮುಖ ಬೇಡ" ಎಂದರು. ಅವರಿಗೆ ಚಿತ್ರವನ್ನು ತೋರಿಸಿ, ಅವರೆದುರಿಗೇ ಅಳಿಸಿದೆ. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ: ಎಂಜಿನ್ ಗರ್ಜಿಸಲಿ ಎಂದು ಚಾಲಕರಿಗೆ ಕೈ ಮಾಡಿ ಹುರಿದುಂಬಿಸಬಾರದು. ಕ್ಯಾಮೆರಾ ಕಂಡು ಥಟ್ಟನೆ ವೇಗ ಹೆಚ್ಚಿಸಿದ ಕಾರೊಂದು ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರಿ, ಪಾದಚಾರಿಗಳ ಪಟ್ಟೆಯಿಂದ ಎರಡಡಿ ದೂರದಲ್ಲಿ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾರಾದರೂ ನನ್ನ ಕ್ಯಾಮೆರಾ ನೋಡಿ ಎಂಜಿನ್ ಏರಿಸತೊಡಗಿದರೆ ಅದನ್ನು ಕೆಳಗಿಳಿಸಿ ಬೇರೆಡೆಗೆ ತಿರುಗಿ ನಿಲ್ಲುತ್ತೇನೆ.

ಮನೆಗೆ ಬಂದು ಆಯ್ಕೆ ಮಾಡುವಾಗ ತಂತಿಗಳನ್ನೂ ಕಸದ ತೊಟ್ಟಿಯನ್ನೂ ಹರಿದ ಭಿತ್ತಿಪತ್ರವನ್ನೂ ಅಳಿಸುವುದಿಲ್ಲ. ಈಗ ಒಂದು ಗುಂಡಿ ಒತ್ತಿದರೆ ಅವೆಲ್ಲ ಮಾಯವಾಗುತ್ತವೆ, ಜೊತೆಗೆ ಆ ಬೀದಿಯೂ ಮಾಯವಾಗುತ್ತದೆ. ಚಿತ್ರವನ್ನು ಅರ್ಧ ಮುಚ್ಚಿ, ಕಾರು ಇಲ್ಲದ ಭಾಗವನ್ನಷ್ಟೇ ಮೊದಲು ನೋಡುತ್ತೇನೆ; ಅಲ್ಲಿ ನೋಡಲು ಏನೂ ಇಲ್ಲದಿದ್ದರೆ, ಕಾರು ಎಷ್ಟೇ ಅಪರೂಪದ್ದಾಗಿದ್ದರೂ ಆ ಚಿತ್ರವನ್ನು ಇಟ್ಟುಕೊಳ್ಳುವುದಿಲ್ಲ. ಕಳೆದ ವರ್ಷ ತೆಗೆದ ನಾಲ್ಕು ಸಾವಿರದಷ್ಟು ಚಿತ್ರಗಳಲ್ಲಿ ಹೀಗೆ ಉಳಿದವು ಇಪ್ಪತ್ತಮೂರು. ಅವುಗಳಲ್ಲಿ ಹಳೆಯ ಕೌಂಟಾಚ್ ಇನ್ನೂ ಸೇರಿಲ್ಲ. ಅದರ ಬಾಗಿಲುಗಳು ಕತ್ತರಿಯಂತೆ ಮೇಲಕ್ಕೆ ತೆರೆದುಕೊಳ್ಳುತ್ತವೆ. ಹಿಂದಿನ ನೋಟ ತೀರ ಕಡಿಮೆಯಾದ್ದರಿಂದ, ಹಿಮ್ಮುಖವಾಗಿ ಚಲಿಸುವಾಗ ಚಾಲಕ ಬಾಗಿಲನ್ನೆತ್ತಿ ಹೊರಗೆ ಬಾಗಿ ನೋಡುತ್ತಾನೆ. ಎರಡು ಸಾಧಾರಣ ಕಾರುಗಳ ನಡುವಿನ ಇಕ್ಕಟ್ಟಿನಲ್ಲಿ, ಒಂದು ಬಾಗಿಲನ್ನು ಮೇಲೆತ್ತಿ ಹಿಂದೆ ಸರಿಯುತ್ತಿರುವ ಆ ಕಾರಿಗಾಗಿ, ನನ್ನ ಮೂಲೆಯಾಚೆಯ ವಾಹನ ನಿಲುಗಡೆಯ ಎದುರಿನ ಗೋಡೆಯನ್ನೂ ಅಲ್ಲಿಗೆ ಬೆಳಕು ಬೀಳುವ ಹೊತ್ತನ್ನೂ ಈಗಾಗಲೇ ಗುರುತು ಮಾಡಿಟ್ಟುಕೊಂಡಿದ್ದೇನೆ.